ನೂರೆ ಎಂದಳು ದೊಡ್ಡಗಂಗಮ್ಮ

ಪ್ರಮೀಳಾ ತುಮಕೂರಿನಿಂದ ಹುಲಿಯೂರುದುರ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ಗೂಳೂರು, ನಾಗವಲ್ಲಿ, ಹೆಬ್ಬೂರು ಕಳೆದು, ಕುಣಿಗಲ್ಲಿನಲ್ಲಿ ಅರ್ಧ ಬಸ್ಸು ಖಾಲಿಯಾಗಿ ಮತ್ತೆ ತುಂಬಿ, ಬೆಟ್ಟದ ಸಾಲು ಕಾಣತೊಡಗಿದ ಮೇಲೆ ಒಂದು ಕಿರಿದಾದ ಸೇತುವೆ ಬರುತ್ತದೆ. ಅದರ ಪಕ್ಕದ ಬೋರ್ಡಿನಲ್ಲಿ ‘ನೊರೆಹೊಳೆ’ ಎಂದಿದೆ. ಕರಿಕಲ್ಲು ಬೆಟ್ಟದಲ್ಲಿ ಹುಟ್ಟಿ, ಬಂಡೆಗಳ ನಡುವೆ ಇಳಿದು, ಎರಡು ಕೆರೆ ತುಂಬಿಸಿ ಶಿಂಷೆಯ ಕಡೆಗೆ ಹೋಗುವ ಸಣ್ಣ ಹೊಳೆ ಅದು. ಸೇತುವೆ ದಾಟಿದ ಕೂಡಲೇ ಬರುವ ಸ್ಟಾಪಿಗೆ ನೊರೆಹೊಳೆ ಗೇಟ್ ಎಂದು ಹೆಸರು. ಟಿಕೆಟ್ ಮಿಷನ್ನಿನಲ್ಲೂ ಹಾಗೇ ಇದೆ. “ನೊರೆಹೊಳೆ ಗೇಟ್ ಯಾರ್ರೀ, ಮುಂದೆ ಬನ್ನಿ” ಎಂದು ಪ್ರಮೀಳಾ ದಿನವೂ ಕೂಗುತ್ತಾಳೆ.

ಆ ಗೇಟಿನಲ್ಲಿ ಇಳಿದು ಬೆಟ್ಟದ ಕಡೆಗೆ ನಡೆದರೆ ಸಿಗುವ, ಕಾಡು ನಂಬಿ ಬದುಕಿದ ಇರುಳಿಗರ ಕಾಲೊನಿ ಅವಳು ಹುಟ್ಟಿದ ಜಾಗ. ಬಸ್ಸಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ತವರು ಯಾವುದೆಂದು ಕೇಳಿದರೆ “ಕುಣಿಗಲ್ ಕಡೆ” ಎನ್ನುತ್ತಿದ್ದಳು. ಸುಳ್ಳೇನಲ್ಲ, ಅಷ್ಟಕ್ಕೇ ಮಾತು ಮುಗಿಸುತ್ತಿದ್ದಳು.

ಅಪ್ಪ ಅವಳು ತೀರಾ ಚಿಕ್ಕವಳಿದ್ದಾಗಲೇ ಸತ್ತಿದ್ದ. ಅವ್ವ ದೊಡ್ಡಗಂಗಮ್ಮ ಸೌದೆ, ಜೇನು, ಸೀಗೆಕಾಯಿ, ಕೂಲಿ ಎಂದು ದುಡಿದು ಮಗಳನ್ನು ಒಂದನೇ ಕ್ಲಾಸಿಗೇ ಕುಣಿಗಲ್ಲಿನ ಹಾಸ್ಟೆಲಿಗೆ ಸೇರಿಸಿದಳು. ಕಾಲೊನಿಯಲ್ಲೇ ಉಳಿದರೆ ಮಗಳು ತನ್ನ ಹಾಗೆಯೇ ಆಗಿಬಿಡುತ್ತಾಳೆಂಬ ಭಯ. ಒಂದು ಸಲ ಪುಷ್ಯ ಮಾಸದ ಚಳಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಸುಟ್ಟ ಗೆಣಸು ತಂದುಕೊಟ್ಟು ಹೋದಳು. ಹುಡುಗಿಯರು ಸುತ್ತ ನಿಂತು ನೋಡಿದರು. ಮೈತುಂಬ ಕರಟಿದ ಬೇರಿನ ಕೂದಲಿದ್ದ ಆ ಗೆಣಸನ್ನು ಒಬ್ಬಳು ಕಾಲಿನಿಂದ ಉರುಳಿಸಿ, “ಕಾಡುಜನ ಇದ್ನೇ ತಿನ್ನೋದು” ಎಂದಳು. ಮುಂದಿನ ಸಲ ಅವ್ವ ಬಂದಾಗ ಪ್ರಮೀಳಾ ಹಾಸ್ಟೆಲಿನ ಗೇಟಿನಲ್ಲೇ ನಿಲ್ಲಿಸಿ, “ಏನೂ ತರಬ್ಯಾಡ ಕಣವ್ವ, ಇಲ್ಲೇ ಚೆನ್ನಾಗಿ ಊಟ ಕೊಡ್ತಾರೆ” ಎಂದಳು. ಅವ್ವ ಮತ್ತೆ ತರಲಿಲ್ಲ, ಮಗಳ ಮುಂದೆ ಅದರ ಹೆಸರೂ ಎತ್ತಲಿಲ್ಲ. ಯಾಕೆಂದು ಕೇಳಲೂ ಇಲ್ಲ.

ಹೊಳೆಯ ಹೆಸರಿನ ಬಗ್ಗೆಯೂ ಒಮ್ಮೆ ಮಾತಾಗಿತ್ತು. ಮೇಷ್ಟ್ರು ಪಾಠದ ನಡುವೆ, ಮಳೆಗಾಲದಲ್ಲಿ ಬಂಡೆಯ ಮೇಲಿಂದ ಬಿದ್ದು ನೊರೆ ಏಳುವುದರಿಂದ ನೊರೆಹೊಳೆ ಎಂದಿದ್ದರು. ಪ್ರಮೀಳಾಗೆ ಖುಷಿಯಾಗಿತ್ತು, ತನ್ನ ಊರಿನ ಹೊಳೆ ಪಾಠದಲ್ಲಿ ಬಂತಲ್ಲ ಎಂದು. ರಜೆಗೆ ಬಂದಾಗ ಅವ್ವ ಎಂದಿನಂತೆ ‘ನೂರೆಹೊಳೆ’ ಎಂದಾಗ ತಿದ್ದಿದಳು. ಅವ್ವ ನಕ್ಕಳು. ಅಕ್ಷರ ಕಲಿತ ಮಗಳು ಹೇಳಿದ್ದೇ ಸರಿ ಎಂದುಕೊಂಡಿರಬೇಕು.

ಪಿಯುಸಿ ಮುಗಿಸಿ ಕಂಡಕ್ಟರ್ ಕೆಲಸಕ್ಕೆ ಸೇರಿದ ಮೇಲೆ ಪ್ರಮೀಳಾ ಗುಬ್ಬಿಯ ಮಲ್ಲಿಕಾರ್ಜುನ್ ಎಂಬುವನನ್ನು ಮೆಚ್ಚಿ ಮದುವೆಯಾದಳು. ಬೇರೆ ಜಾತಿ. ಅವನ ಮನೆಯವರು ಒಂದಷ್ಟು ದಿನ ಮುನಿಸಿಕೊಂಡು ಸುಮ್ಮನಾದರು. ಈಗ ಅವನು ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಸೆಕ್ಯೂರಿಟಿ. ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಬಾಡಿಗೆ ಮನೆ. ಎಷ್ಟು ಕರೆದರೂ ದೊಡ್ಡಗಂಗಮ್ಮ ಬಂದು ಇರಲು ಒಪ್ಪಲಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅಪರೂಪಕ್ಕೆ ಬಂದು ಹೋಗುತ್ತಿದ್ದಳು. ಆದರೆ ಮಗಳ ಬಸ್ಸು ಗೇಟಿನಲ್ಲಿ ನಿಂತರೆ ಹತ್ತುತ್ತಿರಲಿಲ್ಲ. ಅಲ್ಲಿನ ಹುಣಸೆ ಮರದ ಆ ಬದಿಗೆ ಸರಿದು ನಿಂತು, ಹಿಂದೆ ಬರುವ ಬಸ್ಸು ಕಾಯುತ್ತಿದ್ದಳು. ಪ್ರಮೀಳಾ ನೋಡಿಯೂ ಇದ್ದಳು. ಮನೆಗೆ ಬಂದ ಮೇಲೆ ಇಬ್ಬರೂ ಅದರ ಮಾತು ಎತ್ತುತ್ತಿರಲಿಲ್ಲ.

ಕಳೆದ ಚಳಿಗಾಲ, ಸಂಕ್ರಾಂತಿಗೆ ಇನ್ನೂ ವಾರಗಳಿದ್ದಾಗ, ಚಿಕ್ಕವ್ವ ನರಸಿಂಹಮ್ಮ ಫೋನ್ ಮಾಡಿದಳು. ಅವಳು ದೊಡ್ಡಗಂಗಮ್ಮನ ತಂಗಿ, ಕಾಲೊನಿಯಲ್ಲಿ ಅಕ್ಕನ ಪಕ್ಕದ ಮನೆಯಲ್ಲೇ ಇರುವವಳು. “ಅಕ್ಕ ಹಟ್ಟಿ ಮುಂದೇನೇ ಬಿದ್ದೋದ್ಲು ಕಣೇ. ಬಾಯಿ ಸೊಟ್ಟಗಾಗೈತೆ, ಮಾತಾಡ್ತಿಲ್ಲ” ಎಂದಳು. ಆಂಬುಲೆನ್ಸ್ ಬಂತು. ಕುಣಿಗಲ್ಲಿನಿಂದ ತುಮಕೂರಿನ ಆಸ್ಪತ್ರೆಗೆ ಕಳಿಸಿದರು. ಲಕ್ವ ಹೊಡೆದಿತ್ತು. ಜೀವಕ್ಕೆ ಅಪಾಯವಿಲ್ಲ, ಬಲಗೈ ನಿಧಾನಕ್ಕೆ ಬರಬಹುದು, ಮಾತು ಮಾತ್ರ ಈಗಲೇ ಹೇಳಲಾಗದು ಎಂದರು ಡಾಕ್ಟರು.

ಪ್ರಮೀಳಾ ತನ್ನ ಮನೆಗೆ ಕರೆತಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ದೊಡ್ಡಗಂಗಮ್ಮ ಕಣ್ಣುಬಿಟ್ಟು ಎಲ್ಲರನ್ನೂ ನೋಡುತ್ತಿದ್ದಳು, ಹೇಳಿದ್ದು ಅರ್ಥವೂ ಆಗುತ್ತಿತ್ತು. ಬಾಯಿಂದ ಒಂದು ಅಕ್ಷರ ಹೊರಡುತ್ತಿರಲಿಲ್ಲ. ಊಟ ಅಂತೂ ಬೇಡವೇ ಬೇಡ. ಗಂಜಿ, ಮಿದ್ದ ಅನ್ನ, ರಾಗಿ ಅಂಬಲಿ ಏನು ತಂದರೂ ತುಟಿ ಬಿಗಿ ಹಿಡಿಯುತ್ತಿದ್ದಳು. ಬಲವಂತಕ್ಕೆ ನಾಲ್ಕು ಗುಟುಕು ಹಾಲು ನುಂಗಿದರೆ ಹೆಚ್ಚು. ವಾರಕ್ಕೊಮ್ಮೆ ಮಾತು ಕಲಿಸಲು ಬರುತ್ತಿದ್ದ ಹರ್ಷಿತಾ ಎಂಬ ಥೆರಪಿಸ್ಟ್ ಹುಡುಗಿ, “ನುಂಗೋದಕ್ಕೆ ತೊಂದ್ರೆ ಇಲ್ಲ ಆಂಟಿ, ಮನಸ್ಸಿಲ್ಲ ಅಷ್ಟೆ. ಹೀಗೇ ಆದ್ರೆ ಮೂಗಿಗೆ ಟ್ಯೂಬ್ ಹಾಕಬೇಕಾಗುತ್ತೆ” ಎಂದಳು. ಪ್ರಮೀಳಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಹಾಗಿರುವಾಗ ಒಂದು ಬೆಳಿಗ್ಗೆ, ತಲೆ ಬಾಚುತ್ತಿದ್ದ ಮಗಳ ಕೈಯನ್ನು ಎಡಗೈಯಿಂದ ಹಿಡಿದು, ದೊಡ್ಡಗಂಗಮ್ಮ ಬಾಯಿ ಬಿಟ್ಟಳು.

“ನೂ... ರೆ.”

“ಏನವ್ವ? ಇನ್ನೊಂದ್ಸಲ ಹೇಳು.”

“ನೂರೆ.”

ಪ್ರಮೀಳಾ ಗಂಡನನ್ನು ಕೂಗಿದಳು. ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದ್ದ ಮಲ್ಲಿಕಾರ್ಜುನ್ ಲುಂಗಿ ಕಟ್ಟಿಕೊಳ್ಳುತ್ತ ಓಡಿಬಂದ. ನೂರು ಎನ್ನುತ್ತಿದ್ದಾರೆಂದು ತಿಳಿದು, ಜೇಬಿನಿಂದ ನೂರರ ನೋಟು ತೆಗೆದು ಅತ್ತೆಯ ಕೈಗಿಟ್ಟ. ಅವಳು ನೋಟನ್ನು ನೋಡಿ, ಅಳಿಯನನ್ನು ನೋಡಿ, ಕೈ ಕೊಡವಿದಳು. ನೊರೆ ಇರಬಹುದೆಂದು ಪ್ರಮೀಳಾ ಎರಡು ಲೋಟದಲ್ಲಿ ಎತ್ತಿ ಹೊಯ್ದು ನೊರೆ ಬರಿಸಿದ ಕಾಫಿ ತಂದಳು. ಅದಕ್ಕೂ ತಲೆ ಅಲ್ಲಾಡಿತು. “ನೂರೆ” ಎಂದಳು ಮತ್ತೆ, ಈ ಸಲ ಸಿಟ್ಟಿನಲ್ಲಿ.

ಹರ್ಷಿತಾಗೆ ಫೋನ್ ಮಾಡಿದರು. ಮಾತು ಬಂದದ್ದು ದೊಡ್ಡ ವಿಷಯ, ಯಾರದ್ದಾದರೂ ಹೆಸರೋ ಊರೋ ಇರಬಹುದು, ಯೋಚನೆ ಮಾಡಿ ಎಂದಳು ಆಕೆ. ಊರು ಎಂದ ತಕ್ಷಣ ಪ್ರಮೀಳಾಗೆ ಹೊಳೆಯಿತು. ಅವ್ವ ನೆನೆಯುತ್ತಿರುವುದು ಹೊಳೆಯನ್ನು. ಅಂದು ಡ್ಯೂಟಿಯಲ್ಲಿ ಬಸ್ಸು ಸೇತುವೆ ದಾಟುವಾಗ ಕಿಟಕಿಯಿಂದ ಮೊಬೈಲ್ ಹಿಡಿದು ಹೊಳೆಯ ವಿಡಿಯೊ ತೆಗೆದಳು. ಸಂಜೆ ಅವ್ವನ ಮುಂದೆ ಇಟ್ಟಳು. ಕಲ್ಲುಗಳ ನಡುವೆ ಚಳಿಗಾಲದ ತೆಳು ನೀರು ಹರಿಯುತ್ತಿತ್ತು. ದೊಡ್ಡಗಂಗಮ್ಮ ಮುಖ ಅರಳಿಸಿ ನೋಡಿದಳು. “ನೂರೆ, ನೂರೆ” ಎಂದು ಪರದೆಯ ಮೇಲೆ ಬೆರಳಿಟ್ಟು, ನೀರನ್ನು ಬಿಟ್ಟು ದಡದ ಕಡೆಗೆ ಮತ್ತೆ ಮತ್ತೆ ತೋರಿಸಿದಳು. ವಿಡಿಯೊ ಮುಗಿಯಿತು. ಬೇಕಾದ್ದು ಅದಲ್ಲ ಎಂದು ಮಗಳಿಗೆ ಅರ್ಥವಾಯಿತು. ಏನು ಬೇಕೆಂದು ಅರ್ಥವಾಗಲಿಲ್ಲ. ಮರುದಿನದಿಂದ ದೊಡ್ಡಗಂಗಮ್ಮ ಆ ಒಂದು ಮಾತನ್ನೂ ನಿಲ್ಲಿಸಿದಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಆ ವಾರ ಪ್ರಮೀಳಾಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಹೆಬ್ಬೂರಿನವರಿಗೆ ಕುಣಿಗಲ್ ಟಿಕೆಟ್ ಹರಿದಳು, ಸ್ಟಾಪ್ ಬಂದಾಗ ಸೀಟಿ ಊದುವುದನ್ನು ಮರೆತಳು. ಹುಲಿಯೂರುದುರ್ಗದ ಸ್ಟ್ಯಾಂಡಿನಲ್ಲಿ ಊಟಕ್ಕೆ ನಿಂತಾಗ ಡ್ರೈವರ್ ಅಜ್ಮತುಲ್ಲಾ ತನ್ನ ಡಬ್ಬಿ ತೆರೆಯದೆ ಕಾದ. ತುಮಕೂರಿನ ಪೇಟೆಯವನು, ವರ್ಷಗಳಿಂದ ಅವಳ ಜೊತೆ ಅದೇ ರೂಟಿನಲ್ಲಿ ಬಸ್ಸು ಓಡಿಸುತ್ತಿರುವವನು.

“ಪ್ರಮೀಳಮ್ಮ, ನಿಮ್ಮ ತಾಯಿಗೆ ಜಾಸ್ತಿ ಆಗಿದೆಯಾ?”

ಅವಳು ಹೇಳುತ್ತ ಹೋದಳು. ಊಟ ಬಿಟ್ಟದ್ದು, ಒಂದೇ ಮಾತು ಬಂದದ್ದು, ಹೋದದ್ದು. ಹೇಳುವಾಗ ಕಾಲೊನಿಯ ಹೆಸರು ಬಂತು, ಬೆಟ್ಟ ಬಂತು, ತಾವು ಇರುಳಿಗರೆಂಬುದೂ ಬಂತು. ಬಂದ ಮೇಲೆ ಗಾಬರಿಯಿಂದ ಅವನ ಮುಖ ನೋಡಿದಳು.

ಅಜ್ಮತುಲ್ಲಾ ಡಬ್ಬಿಯ ಮುಚ್ಚಳ ಬಿಚ್ಚುತ್ತ, “ದಿನಾ ಆ ಗೇಟಲ್ಲಿ ಬಸ್ ನಿಲ್ಸಿದೀನಿ. ನಿಮ್ಮೂರು ಅಂತ ಗೊತ್ತಿದ್ರೆ ಎರಡು ನಿಮಿಷ ಜಾಸ್ತಿ ನಿಲ್ಸ್ತಿದ್ದೆ” ಎಂದ. ಒಂದು ತುತ್ತು ತಿಂದು ಕೇಳಿದ, “ಆ ಮಾತು ಏನು ಅಂತ ನಿಮ್ಮ ಚಿಕ್ಕಮ್ಮನ್ನ ಕೇಳಿದ್ರಾ?”

ಕೇಳಿರಲಿಲ್ಲ. ಚಿಕ್ಕವ್ವ ದಿನವೂ ಫೋನ್ ಮಾಡುತ್ತಿದ್ದಳು, ಅಕ್ಕ ಹೇಗಿದ್ದಾಳೆಂದು ಕೇಳುತ್ತಿದ್ದಳು. ಒಂದು ಮಾತು ಬಂತೆಂದು ಪ್ರಮೀಳಾ ಹೇಳಿಯೂ ಇದ್ದಳು. ಯಾವ ಮಾತೆಂದು ಮಾತ್ರ ಹೇಳಿರಲಿಲ್ಲ, ಹೊಳೆಯ ಹೆಸರೆಂದು ತನಗೆ ಗೊತ್ತಿದೆ ಎಂದುಕೊಂಡಿದ್ದಳು. ಸ್ಟ್ಯಾಂಡಿನಿಂದಲೇ ಫೋನ್ ಮಾಡಿದರೆ ಚಿಕ್ಕವ್ವನ ನಂಬರು ಸಿಗಲಿಲ್ಲ. ಬೆಟ್ಟದ ಮಗ್ಗುಲಲ್ಲಿ ಸಿಗ್ನಲ್ ಹಾಗೆಯೇ.

ಮರುದಿನ ಅವಳ ವಾರದ ರಜೆ. ಬೆಳಿಗ್ಗೆ ತನ್ನ ಬಸ್ಸಿಗಿಂತ ಮೊದಲು ಹೊರಡುವ ಬಸ್ಸಿನಲ್ಲಿ, ಸಾದಾ ಸೀರೆಯುಟ್ಟು, ಪ್ರಯಾಣಿಕಳಾಗಿ ಹೋಗಿ ಗೇಟಿನಲ್ಲಿ ಇಳಿದಳು. ಕಾಲೊನಿಯಲ್ಲಿ ನರಸಿಂಹಮ್ಮ ಹಟ್ಟಿ ಗುಡಿಸುತ್ತಿದ್ದಳು. ಅಕ್ಕನ ಮಗಳನ್ನು ನೋಡಿ ಕೆಟ್ಟ ಸುದ್ದಿಯೆಂದೇ ತಿಳಿದು ಪೊರಕೆ ಕೆಳಗೆ ಹಾಕಿದಳು.

“ಏನೂ ಆಗಿಲ್ಲ ಚಿಕ್ಕವ್ವ, ಹೆದರ್ಬೇಡ. ಅವ್ವ ನೂರೆ ನೂರೆ ಅಂತಾಳೆ. ಹೊಳೆ ತೋರ್ಸಿದ್ರೆ ಅದಲ್ಲ ಅಂತಾಳೆ.”

ನರಸಿಂಹಮ್ಮ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಉಸಿರು ಬಂದ ಮೇಲೆ ನಕ್ಕಳು. “ನೂರೆ ಅಂದ್ರೆ ಗೆಣಸು ಕಣೇ. ಮುಳ್ಳುಬಳ್ಳಿ ಗೆಣಸು. ಹಾಸ್ಟಲ್‌ಗೆ ಸುಟ್ಕೊಂಡು ತಂದಿರ್ಲಿಲ್ವಾ ನಿಮ್ಮವ್ವ, ಅದೇ. ಅವತ್ತು ಬಿದ್ದಾಗ್ಲೂ ಕೈಲಿ ಅಗೆಯೋ ಕೋಲಿತ್ತು. ನೂರೆಗೆ ಹೋಗನ ಬಾ ಅಂತ ನನ್ನ ಕರೆಯಕ್ಕೆ ಬರ್ತಿದ್ಲು.”

“ಹಂಗಾದ್ರೆ ಹೊಳೆಗೆ?”

“ಹೊಳೆಗೂ ಅದೇ. ನಮ್ಮ ತಾತನ ತಾತನ ಕಾಲ್ದಲ್ಲಿ ಮಳೆ ಹೋಗಿ ಬರ ಬಿದ್ದು, ನಮ್ಮೋರೆಲ್ಲ ತಿನ್ನಕ್ಕಿಲ್ದೆ ಈ ನೀರು ಹಿಡ್ಕೊಂಡು ಬೆಟ್ಟಕ್ಕೆ ಹತ್ತಿದ್ರಂತೆ. ಎರಡೂ ದಡದಾಗೂ ನೂರೆ ಬಳ್ಳಿ. ಅಗೆದಲ್ಲೆಲ್ಲ ಗೆಣಸು. ಒಬ್ರೂ ಸಾಯ್ಲಿಲ್ವಂತೆ. ಅವಾಗಿಂದ ನೂರೆಹೊಳೆ. ನಮ್ಮವ್ವ ನಮಗೆ ಹೇಳಿದ್ಲು.”

“ನೊರೆ ಬರುತ್ತೆ ಅಂತ ನೊರೆಹೊಳೆ ಅಂದಿದ್ರು ಮೇಷ್ಟ್ರು.”

“ಅವ್ರೇನು ಮಾಡ್ತಾರೆ ಪಾಪ, ಬೋರ್ಡಲ್ಲಿ ಬರೆದಿದ್ದ ಓದಿದ್ರು. ಬೋರ್ಡ್ ಬರೆದೋನಿಗೆ ಯಾರೋ ಸೇತುವೆ ಕೂಲಿಯೋರು ಹೇಳಿರ್ತಾರೆ, ಅವನ ಕಿವಿಗೆ ಹಂಗೆ ಕೇಳೈತೆ. ಬುಡು ಅದ. ಈಗ ನೂರೆ ಸಿಗ್ಬೇಕಲ್ಲ, ಅದ ನೋಡು. ಹೋದ ವರ್ಷಾನೇ ಹಂದಿ ಎಲ್ಲಾ ಉತ್ತುಹಾಕಿದ್ವು.”

ಇಬ್ಬರೂ ಹೊಳೆಯ ದಡ ಹಿಡಿದು ಹತ್ತಿದರು. ನರಸಿಂಹಮ್ಮನ ಹೆಗಲ ಮೇಲೆ ಮೊನೆ ಚೂಪಾದ ಕಬ್ಬಿಣದ ಕೋಲು. ಈ ಕಾಲದಲ್ಲಿ ಬಳ್ಳಿಯ ಎಲೆ ಉದುರಿ ಹೋಗಿರುತ್ತದೆ, ಒಣಗಿದ ಮುಳ್ಳುಕಾಂಡ ಮಾತ್ರ ಗಿಡಗಳಿಗೆ ಸುತ್ತಿಕೊಂಡಿರುತ್ತದೆ, ಅದರ ಬುಡ ಹುಡುಕಬೇಕು. ಮೊದಲು ನೋಡಿದ ಜಾಗದಲ್ಲಿ ನೆಲವೆಲ್ಲ ಹಂದಿಯ ಮೂತಿಯಿಂದ ಕೆದರಿ ಹೋಗಿತ್ತು. ಇನ್ನೂ ಮೇಲೆ ಲಂಟಾನದ ಪೊದೆ ಬೆಳೆದು ಕಾಲಿಡಲಾಗುತ್ತಿರಲಿಲ್ಲ. ಪ್ರಮೀಳಾಳ ಸೀರೆ ಹರಿಯಿತು, ಮೊಣಕೈ ತರಚಿತು. ಒಂದು ಕಡೆ ಚಿಕ್ಕವ್ವ ಬಳ್ಳಿ ಕಂಡು ಅಗೆದಳು. ಬುಡದಲ್ಲಿ ಏನೂ ಇರಲಿಲ್ಲ. ಬಿಸಿಲೇರಿತು. ಇಲ್ಲವೆಂದು ಹೇಳಿ ಬರಿಗೈಯಲ್ಲಿ ಅವ್ವನ ಮುಂದೆ ನಿಲ್ಲುವುದನ್ನು ನೆನೆದು ಪ್ರಮೀಳಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಹತ್ತಿದಳು.

ಬಂಡೆಯ ನೆರಳಲ್ಲಿ ಅರಣ್ಯ ಇಲಾಖೆಯ ವಾಚರ್ ದಾಸಯ್ಯ ಕೂತು ಬೀಡಿ ಸೇದುತ್ತಿದ್ದ. ಕೋಲು ನೋಡಿ ಎದ್ದು ಬಂದ. ಕಾಡಲ್ಲಿ ಅಗೆಯಬಾರದೆಂದು ತಡೆಯುತ್ತಾನೇನೋ ಎಂದು ಪ್ರಮೀಳಾ ಚಿಕ್ಕವ್ವನ ಹಿಂದೆ ಸರಿದಳು.

“ಏನ್ ನರಸಿಂಹಮ್ಮ, ಗೆಣಸಾ?”

“ಹೂಂ ಕಣಣ್ಣ. ಅಕ್ಕಂಗೆ. ಮಾತು ಬಿಟ್ಟೋಗೈತಲ್ಲ, ಅದ್ನೇ ಕೇಳ್ತಾಳೆ.”

ದಾಸಯ್ಯ ಬೀಡಿ ಕಲ್ಲಿಗೆ ಉಜ್ಜಿ ಆರಿಸಿದ. “ಇಲ್ಲೆಲ್ಲ ಸಿಗಲ್ಲ. ನೀರು ಹುಟ್ಟೋ ಜಾಗಕ್ಕೆ ಹೋಗಿ, ಆ ಎರಡು ಬಂಡೆ ಸಂದಿ. ಹಂದಿ ನುಗ್ಗಕ್ಕಾಗಲ್ಲ ಅಲ್ಲಿ. ಆದ್ರೆ ನೀವೂ ಒಬ್ರಾದ ಮೇಲೆ ಒಬ್ರು ಹೋಗ್ಬೇಕು. ಕರಡಿ ಓಡಾಡ್ತವೆ, ನಾನೂ ಬರ್ತೀನಿ ನಡೀರಿ.”

ಬೆಟ್ಟದ ಎದೆಯಲ್ಲಿ, ಆಳಿಗಿಂತ ಎತ್ತರದ ಎರಡು ಬಂಡೆಗಳ ನಡುವೆ, ಹೊಳೆ ಹುಟ್ಟುವಲ್ಲಿ ನೀರು ಸದ್ದಿಲ್ಲದೆ ಒಸರುತ್ತಿತ್ತು. ಬೊಗಸೆಗೂ ಸಾಲದಷ್ಟು. ಪ್ರಮೀಳಾ ಅಲ್ಲಿಯವರೆಗೆ ಯಾವತ್ತೂ ಬಂದಿರಲಿಲ್ಲ. ತಲೆಯೆತ್ತಿ ನೋಡಿದರೆ ಬಂಡೆಯ ಅಂಚಿನಿಂದ ಒಣ ಮುಳ್ಳುಬಳ್ಳಿಗಳು ಹಗ್ಗದಂತೆ ಇಳಿಬಿದ್ದಿದ್ದವು.

ನರಸಿಂಹಮ್ಮ ಸಂದಿಯಲ್ಲಿ ನುಸುಳಿ, ಬುಡ ಮುಟ್ಟಿ ನೋಡಿ, ಕೋಲು ಇಳಿಸಿದಳು. ಪ್ರಮೀಳಾ ಮಂಡಿಯೂರಿ ಕೈಯಿಂದ ಮಣ್ಣು ಎಳೆದಳು. ಮೊಣಕೈವರೆಗೆ ಗುಂಡಿ ಇಳಿದ ಮೇಲೆ ಬೆರಳಿಗೆ ಕೂದಲಿನಂಥ ಬೇರು ತಾಗಿತು. ಅದರ ಹಿಂದೆ ಗಟ್ಟಿಯಾಗಿ, ತಣ್ಣಗೆ ಗೆಣಸು. ಅವಳು ಕೈ ತೆಗೆಯದೆ ಹಾಗೇ ಹಿಡಿದುಕೊಂಡಳು. “ಐತೆ ಚಿಕ್ಕವ್ವ” ಎಂದಳು.

“ಪೂರ್ತಿ ಕೀಳ್ಬ್ಯಾಡ, ಬಳ್ಳಿ ಹತ್ರದ ತಲೆ ಮುರಿದು ಅಲ್ಲೇ ಬುಡು” ಎಂದಳು ನರಸಿಂಹಮ್ಮ. ಕೆಳಗಿನ ಭಾಗ ತೆಗೆದುಕೊಂಡು, ತಲೆಯನ್ನು ಮತ್ತೆ ಹೂತು, ಗುಂಡಿ ಮುಚ್ಚಿ, ಕಾಲಿನಿಂದ ಮೆಲ್ಲಗೆ ಒತ್ತಿ, ಒಸರುವ ನೀರು ಹಿಡಿದು ಹಾಕಿದರು. ಇನ್ನೆರಡು ಬಳ್ಳಿಯ ಬುಡದಲ್ಲೂ ಸಿಕ್ಕಿತು. ದಾಸಯ್ಯ ಹೊರಗೆ ನಿಂತು ಕಾಯುತ್ತಿದ್ದ. ಸಿಕ್ಕಿತೆಂದು ಕೇಳಿ, “ಸದ್ಯ” ಎಂದ.

ಚಿಕ್ಕವ್ವನೂ ಜೊತೆಗೆ ಹೊರಟಳು. ಗೇಟಿನಲ್ಲಿ ನಿಂತಾಗ ಮಧ್ಯಾಹ್ನ ವಾಪಸು ಹೋಗುವ ಅಜ್ಮತುಲ್ಲಾನ ಬಸ್ಸು ಬಂತು. ಪ್ರಮೀಳಾಳ ರಜೆಗೆ ಬದಲಿಯಾಗಿ ಬಂದಿದ್ದ ಕಂಡಕ್ಟರ್ ಹುಡುಗಿ ಮಂಜುಶ್ರೀ ಬಾಗಿಲಲ್ಲೇ, “ಏನ್ ಮೇಡಂ, ಇಲ್ಲಿ?” ಎಂದಳು. ಪ್ರಮೀಳಾಳ ಕೈಯೆಲ್ಲ ಕೆಂಪು ಮಣ್ಣು, ಸೀರೆಯ ಸೆರಗಿನಲ್ಲಿ ಗೆಣಸಿನ ಗಂಟು.

“ಇದು ನನ್ನೂರು ಮಂಜುಶ್ರೀ. ಇವರು ನಮ್ಮ ಚಿಕ್ಕವ್ವ” ಎಂದಳು ಪ್ರಮೀಳಾ. “ನಾವು ಇರುಳಿಗರು. ಅವ್ವಂಗೆ ಬೆಟ್ಟದ ಗೆಣಸು ತಗೊಂಡು ಹೋಗ್ತಿದೀವಿ.”

ಮಂಜುಶ್ರೀ ಸರಿದು ದಾರಿ ಬಿಟ್ಟಳು. “ಮುಂದೆ ಸೀಟಿದೆ ಬನ್ನಿ ಅಜ್ಜಿ” ಎಂದು ನರಸಿಂಹಮ್ಮನ ಕೈ ಹಿಡಿದು ಹತ್ತಿಸಿದಳು. ಅಷ್ಟೇ. ಬಸ್ಸು ಹೊರಟಿತು. ಹಿಂದಿನ ಸೀಟಿನ ಒಬ್ಬ ಹೆಂಗಸು ಗಂಟು ನೋಡಿ, ಅದನ್ನು ಹೇಗೆ ಬೇಯಿಸುತ್ತೀರಿ ಎಂದು ಕೇಳಿದಳು. ಚಿಕ್ಕವ್ವ ಕುಣಿಗಲ್ ಬರುವವರೆಗೂ ವಿವರಿಸಿದಳು. ಪ್ರಮೀಳಾ ಕಿಟಕಿಗೆ ತಲೆ ಆನಿಸಿ ಕೂತಳು. ಎಷ್ಟೋ ವರ್ಷದಿಂದ ಹೆದರಿದ್ದ ಹೊತ್ತು ಬಂದು, ಸೀಟು ಹುಡುಕುವಷ್ಟರಲ್ಲಿ ಮುಗಿದೇ ಹೋಗಿತ್ತು. ಅವಳಿಗೆ ನಗು ಬಂತು, ಮೈ ಹಗುರಾಯಿತು.

ಮನೆಯಲ್ಲಿ ದೊಡ್ಡಗಂಗಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ತಂಗಿಯ ದನಿ ಕೇಳಿ ಹೊರಳಿದಳು. ಪ್ರಮೀಳಾ ಸೆರಗು ಬಿಚ್ಚಿ ಒಂದು ಗೆಣಸನ್ನು ಅವಳ ಎಡಗೈಗೆ ಇಟ್ಟಳು. ದೊಡ್ಡಗಂಗಮ್ಮ ಅದರ ಕೂದಲು ಸವರಿದಳು, ಮೂಗಿಗೆ ಹಿಡಿದಳು, ಕಣ್ಣು ಮುಚ್ಚಿದಳು. ಕಣ್ಣಿಂದ ನೀರಿಳಿಯಿತು. ಆಮೇಲೆ ಮುರಿದ ತುದಿಯನ್ನು ಹೆಬ್ಬೆರಳಿನಿಂದ ತಡವಿ, ತಂಗಿಯನ್ನು ನೋಡಿ, ಬಾಯಿ ಹುಡುಕುತ್ತ ಹುಡುಕುತ್ತ ಕೇಳಿದಳು.

“ತಲೆ... ಬುಟ್ರಾ?”

ಎರಡು ಮಾತು. ಅದೂ ಪ್ರಶ್ನೆ. ಮಲ್ಲಿಕಾರ್ಜುನ್ ಬಾಗಿಲಲ್ಲಿ ನಿಂತವನು ಚೌಕಟ್ಟು ಹಿಡಿದುಕೊಂಡ.

“ಬುಟ್ವಿ ಕಣವ್ವ” ಎಂದಳು ಪ್ರಮೀಳಾ. “ಮಣ್ಣು ಮುಚ್ಚಿ ನೀರೂ ಹಾಕಿದೀವಿ. ಮುಂದಿನ ಮಳೆಗೆ ಚಿಗುರುತ್ತೆ.”

ದೊಡ್ಡಗಂಗಮ್ಮ ತಲೆಯಾಡಿಸಿದಳು. ಸಮಾಧಾನವಾದವಳಂತೆ ದಿಂಬಿಗೆ ಒರಗಿದಳು.

ಹರ್ಷಿತಾಳನ್ನು ಫೋನಿನಲ್ಲಿ ಕೇಳಿದರು. ಚೆನ್ನಾಗಿ ಬೇಯಿಸಿ, ನಾರು ತೆಗೆದು, ನುಣ್ಣಗೆ ಮಿದ್ದು, ಕೂರಿಸಿ ಕೊಡಿ ಎಂದಳು. ಅವಳ ದನಿಯಲ್ಲೂ ನಗುವಿತ್ತು. ಟ್ಯೂಬಿನ ಮಾತು ಈಗ ಬೇಡವೆಂದಳು. ಕೆಂಡ ಸಿಗದೆ ನರಸಿಂಹಮ್ಮ ಗ್ಯಾಸ್ ಒಲೆಯನ್ನು ಬೈಯುತ್ತ ಕುಕ್ಕರಿನಲ್ಲಿ ಬೇಯಿಸಿದಳು. ಸ್ವಲ್ಪ ಉಪ್ಪು, ಒಂದು ತೊಟ್ಟು ಜೇನು. ಮೊದಲ ಚಮಚೆಗೇ ದೊಡ್ಡಗಂಗಮ್ಮ ತುಟಿ ತೆರೆದಳು. ತಟ್ಟೆ ಖಾಲಿಯಾಯಿತು. ಪ್ರಮೀಳಾ ತಟ್ಟೆಯ ಅಂಚಿನಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆದು ಬಾಯಿಗಿಟ್ಟಳು. ನಾಲಿಗೆಗೆ ಮರೆತೇಹೋಗಿದ್ದ ರುಚಿ.

ಮಾತು ಪೂರ್ತಿ ಬಂದಿಲ್ಲ. ಯುಗಾದಿಯ ಹೊತ್ತಿಗೆ ದೊಡ್ಡಗಂಗಮ್ಮ ಗೋಡೆ ಹಿಡಿದು ನಡೆಯುತ್ತಿದ್ದಳು, ಅಳಿಯನನ್ನು ಹೆಸರು ಹಿಡಿದು ಕರೆಯುತ್ತಿದ್ದಳು, ಸಿಟ್ಟು ಬಂದರೆ ಸರಾಗವಾಗಿ ಎರಡು ಬೈಗುಳ ಹೇಳುತ್ತಿದ್ದಳು. ಸಿಟ್ಟಿನ ಮಾತು ಮೊದಲು ಬರುತ್ತೆ, ಒಳ್ಳೆಯ ಲಕ್ಷಣ ಎಂದು ಹರ್ಷಿತಾ ನಕ್ಕಳು. ಬಲಗೈ ಇನ್ನೂ ಸೋತಿದೆ. ಅನ್ನ, ಮುದ್ದೆ ಎಲ್ಲ ತಿನ್ನುತ್ತಾಳೆ.

ಆ ಮೊದಲ ದಿನ ಮಾತ್ರ, ತಿಂದ ಕೂಡಲೇ ನಿದ್ದೆಹೋದಳು. ಪಕ್ಕದಲ್ಲಿ ಚಾಪೆ ಹಾಸಿ ನರಸಿಂಹಮ್ಮ ಮಲಗಿದಳು. ಪ್ರಮೀಳಾ ಪಾತ್ರೆ ತೊಳೆಯಲೆಂದು ಎದ್ದವಳು ಮಂಚದ ಕಾಲಿಗೆ ಒರಗಿ ಒಂದು ಗಳಿಗೆ ಕೂತಳು. ಕೂತಲ್ಲೇ ಕಣ್ಣು ಹತ್ತಿತು. ಮಲ್ಲಿಕಾರ್ಜುನ್ ಹಾಲು ತರಲು ಹೋಗಿ ಬಂದಾಗ ಮೂವರೂ ಗೊರಕೆ ಹೊಡೆಯುತ್ತಿದ್ದರು. ಅವನು ಫ್ಯಾನು ಸಣ್ಣಗೆ ಮಾಡಿ, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಅಡುಗೆಮನೆಗೆ ಹೋಗಿ ಕಾಫಿಗೆ ಇಟ್ಟ.